ಗಿಟಾರ್ ಸೋಲೋ ಯಾವಾಗ ದೊಡ್ಡದಾಗುತ್ತದೆ?

ರಾಕ್ ಸಂಗೀತದ ಹುಚ್ಚಿರುವ ನಾಲ್ಕು ಜನ ಸೇರಿದರೆ ಒಂದು ಜಗಳ ಖಚಿತ: ಎಲ್ಲಕ್ಕಿಂತ ಶ್ರೇಷ್ಠವಾದ ಗಿಟಾರ್ ಸೋಲೋ ಯಾವುದು? ಅಮೆರಿಕದ ‘ಗಿಟಾರ್ ವರ್ಲ್ಡ್’ ಪತ್ರಿಕೆ ತನ್ನ ಓದುಗರನ್ನೇ ಕೇಳಿ 1998ರಲ್ಲಿ ನೂರು ಸೋಲೋಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಮೊದಲ ಸ್ಥಾನ ಲೆಡ್ ಜೆಪ್ಪೆಲಿನ್ ತಂಡದ ‘ಸ್ಟೇರ್‌ವೇ ಟು ಹೆವನ್’ಗೆ ಸಿಕ್ಕಿತು, ಎರಡನೆಯದು ವ್ಯಾನ್ ಹೇಲನ್ ತಂಡದ ‘ಇರಪ್ಷನ್’ಗೆ. ಆಮೇಲಿನವು ಲಿನರ್ಡ್ ಸ್ಕಿನರ್ಡ್‌ ತಂಡದ ‘ಫ್ರೀ ಬರ್ಡ್’, ಪಿಂಕ್ ಫ್ಲಾಯ್ಡ್‌ನ ‘ಕಂಫರ್ಟಬ್ಲಿ ನಂಬ್’, ಜಿಮಿ ಹೆಂಡ್ರಿಕ್ಸ್ ನುಡಿಸಿದ ‘ಆಲ್ ಅಲಾಂಗ್ ದ ವಾಚ್‌ಟವರ್’. ಈ ಐದನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಒಂದು ಮುಕ್ಕಾಲು ನಿಮಿಷದಲ್ಲಿ ಮುಗಿದರೆ ಮತ್ತೊಂದು ನಾಲ್ಕು ನಿಮಿಷ ಮೀರಿ ಓಡುತ್ತದೆ. ಒಂದರಲ್ಲಿ ಬೆರಳುಗಳ ವೇಗ ಕಿವಿಗೆ ನಿಲುಕುವುದಿಲ್ಲ, ಇನ್ನೊಂದರಲ್ಲಿ ಎಳೆದು ಹಿಡಿದ ಒಂದು ಸ್ವರ ಕರಗುವವರೆಗೂ ಎರಡನೆಯದು ಬರುವುದಿಲ್ಲ. ಹೀಗಿರುವಾಗ ಇವನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಏನು?

ಉತ್ತರ ಹೇಳುವವರಲ್ಲಿ ಕೆಲವು ಪಂಗಡಗಳಿವೆ. ಕೈಚಳಕವೇ ಮುಖ್ಯ ಎನ್ನುವವರು ಒಂದು ಕಡೆ, ಭಾವವೇ ಎಲ್ಲ ಎನ್ನುವವರು ಇನ್ನೊಂದು ಕಡೆ. ವಾದ್ಯದ ನಾದದ ಮೇಲೆ ಭಾರ ಹಾಕುವವರಿದ್ದಾರೆ. ವೇದಿಕೆಯ ಮೇಲೆ ಆ ಗಳಿಗೆಯಲ್ಲಿ ಹುಟ್ಟಿದ್ದು ಮಾತ್ರ ಅಸಲಿ ಎನ್ನುವವರೂ ಇದ್ದಾರೆ. ಪ್ರತಿಯೊಂದು ಮಾತಿನಲ್ಲೂ ಹುರುಳಿದೆ. ಆದರೆ ದೊಡ್ಡದೆಂದು ಎಲ್ಲರೂ ಒಪ್ಪುವ ಸೋಲೋಗಳ ಮೇಲೆ ಈ ಅಳತೆಗಳನ್ನು ಇಟ್ಟು ನೋಡಿದರೆ ಪ್ರತಿಯೊಂದೂ ಎಲ್ಲೋ ಒಂದು ಕಡೆ ಸಾಲದೆ ಬರುತ್ತದೆ. ನನಗೆ ಕೊನೆಗೆ ಉಳಿಯುವ ಅಳತೆ ಇದು: ಆ ಸೋಲೋ ಬರುವ ಮುಂಚೆ ಹಾಡು ಎಲ್ಲಿತ್ತು, ಸೋಲೋ ನಡೆಯುವಾಗ ಅದರ ಅಡಿಯಲ್ಲಿ ಏನಾಗುತ್ತಿದೆ, ಅದು ಮುಗಿದ ಮೇಲೆ ಹಾಡು ಎಲ್ಲಿಗೆ ಬಂದು ನಿಂತಿತು.

ಸೋಲೋ ಎಂಬುದು ಹುಟ್ಟಿದ ಬಗೆಯಲ್ಲೇ ಇದರ ಬೇರಿದೆ. ಮೊದಮೊದಲು ವಾದ್ಯವೃಂದಗಳಲ್ಲಿ ಗಿಟಾರ್‌ನ ದನಿ ಕಹಳೆ, ಸ್ಯಾಕ್ಸೊಫೋನ್‌ಗಳ ಅಬ್ಬರದಲ್ಲಿ ಮುಳುಗಿಹೋಗುತ್ತಿತ್ತು. ತಾಳಕ್ಕೆ ತಕ್ಕಂತೆ ತಂತಿ ಮೀಟುತ್ತ ಹಿಂದೆ ಕೂರುವುದಷ್ಟೇ ಅದರ ಕೆಲಸ. 1930ರ ದಶಕದಲ್ಲಿ ವಿದ್ಯುತ್ ಗಿಟಾರ್ ಬಂದ ಮೇಲೆ ಅದು ಮುಂದಿನ ಸಾಲಿಗೆ ಬಂತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಝ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್, ಸ್ಯಾಕ್ಸೊಫೋನ್ ನುಡಿಸುವವರ ಹಾಗೆ ಗಿಟಾರ್‌ನಲ್ಲಿ ಒಂಟಿ ಸ್ವರಗಳ ಉದ್ದನೆಯ ಸಾಲು ಹೆಣೆದರು. ಟಿ-ಬೋನ್ ವಾಕರ್ ಅದನ್ನೇ ಬ್ಲೂಸ್‌ಗೆ ತಂದರು. ಚರ್ಚಿನ ಗಾಸ್ಪೆಲ್ ಹಾಡುಗಳನ್ನು ಹಾಡುತ್ತಲೇ ವಿದ್ಯುತ್ ಗಿಟಾರ್‌ನಲ್ಲಿ ಕಿಡಿ ಹಾರಿಸುತ್ತಿದ್ದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರು ‘ಶ್ರೇಷ್ಠ’ರ ಪಟ್ಟಿಗಳಲ್ಲಿ ಬಹುಕಾಲ ಅಪರೂಪವಾಗಿತ್ತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ, ಅವರು ತೀರಿಕೊಂಡು 44 ವರ್ಷಗಳಾದ ಮೇಲೆ. ಪಟ್ಟಿಗಳನ್ನು ನಂಬುವ ಮೊದಲು ಈ ಅನ್ಯಾಯ ನೆನಪಿರಬೇಕು.

1958ರಲ್ಲಿ ಚಕ್ ಬೆರ್ರಿಯ ‘ಜಾನಿ ಬಿ. ಗುಡ್’ ಬಂತು. ಅದರ ಆರಂಭದ ಗಿಟಾರ್ ಸಾಲು ಇಂದಿಗೂ ಕಲಿಯುವ ಪ್ರತಿ ಹುಡುಗನ ಬೆರಳಿಗೆ ಸಿಗುವ ಮೊದಲ ಪಾಠಗಳಲ್ಲಿ ಒಂದು. ಆದರೆ ಆ ಸಾಲು ಬೆರ್ರಿಯ ಸ್ವಂತದ್ದಲ್ಲ. ಲೂಯಿಸ್ ಜೋರ್ಡನ್ ಅವರ 1946ರ ಹಾಡೊಂದರ ಆರಂಭದಲ್ಲಿ ಕಾರ್ಲ್ ಹೋಗನ್ ಎಂಬ ಗಿಟಾರ್ ವಾದಕ ಅದನ್ನು ಹೆಚ್ಚುಕಡಿಮೆ ಹಾಗೆಯೇ ನುಡಿಸಿದ್ದರು. ಹಾಗಾದರೆ ಜಗತ್ತು ಬೆರ್ರಿಯನ್ನು ನೆನೆಯುವುದೇಕೆ? ಗಿಟಾರ್ ನುಡಿಸಿ ಮುಂದೆ ಬರಬೇಕೆಂದಿರುವ ಹಳ್ಳಿ ಹುಡುಗನ ಕಥೆ ಹೇಳುವ ಹಾಡಿನಲ್ಲಿ, ಆ ಹುಡುಗನ ದನಿಯಾಗಿ ಅವರು ಆ ಸಾಲನ್ನು ಬಳಸಿದರು. ಅದೇ ಸ್ವರಗಳು ಇಲ್ಲಿ ಕಥೆಯ ಪಾತ್ರವಾದವು. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಈ ಹಾಡೂ ಇದೆ.

ಬ್ಲೂಸ್‌ನಿಂದ ರಾಕ್‌ಗೆ ಬಂದ ಅತಿ ದೊಡ್ಡ ಆಸ್ತಿ ತಂತಿ ಎಳೆಯುವ ಕಲೆ. ಬಿ.ಬಿ. ಕಿಂಗ್ ಅವರಿಗೆ ತಮ್ಮ ಬಂಧು ಬುಕ್ಕಾ ವೈಟ್ ಅವರ ಹಾಗೆ ತಂತಿಯ ಮೇಲೆ ಸ್ಲೈಡ್ ಜಾರಿಸಿ ನುಡಿಸಲು ಬರಲಿಲ್ಲವಂತೆ. ಆ ದನಿಯನ್ನು ಬೆರಳಿನಲ್ಲೇ ತರಲು ಹೋಗಿ ಅವರು ಕಂಡುಕೊಂಡದ್ದು ಸ್ವರವನ್ನು ನಡುಗಿಸುವ ತಮ್ಮದೇ ವೈಬ್ರಟೋ. ಹಾಡುವಾಗ ಅವರು ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಗಂಟಲು ಬಿಟ್ಟ ಮಾತನ್ನು ತಂತಿ ಎತ್ತಿಕೊಳ್ಳುತ್ತಿತ್ತು. ರಾಕ್ ಸೋಲೋದ ವ್ಯಾಕರಣ ನಿಂತಿರುವುದು ಈ ಕೊಡುಕೊಳುವಿನ ಮೇಲೆ.

ಈ ವಿಷಯದಲ್ಲಿ ನಮ್ಮ ಕಿವಿಗೆ ಒಂದು ಅನುಕೂಲವಿದೆ. ವೀಣೆಯ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ಹುಟ್ಟಿಸುವುದನ್ನು ಕೇಳಿ ಬೆಳೆದವರಿಗೆ ಗಿಟಾರ್‌ನ ಬೆಂಡ್ ಏನೆಂದು ವಿವರಿಸಬೇಕಾಗಿಲ್ಲ. ರಾಕ್ ವಾದಕರು ಅತಿ ಹೆಚ್ಚು ಬಳಸುವ ಮೈನರ್ ಪೆಂಟಟೋನಿಕ್ ಎಂಬ ಐದು ಸ್ವರಗಳ ಸಾಲು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಬ್ಲೂಸ್ ವಾದಕ ಗಾಂಧಾರವನ್ನು ಸ್ವಲ್ಪ ಎಳೆದು, ಸಾಧಾರಣಕ್ಕೂ ಅಂತರಕ್ಕೂ ನಡುವೆ ತೂಗಾಡಿಸುತ್ತಾನೆ. ಆ ತೂಗಾಟದಲ್ಲೇ ಬ್ಲೂಸ್‌ನ ನೋವೆಲ್ಲ ಇದೆ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ. ರಾಕ್‌ನಲ್ಲಿ ಅಡಿಪಾಯವೇ ಚಲಿಸುತ್ತದೆ. ಎರಡು ಮಾತ್ರೆಗೆ, ನಾಲ್ಕು ಮಾತ್ರೆಗೆ ಒಮ್ಮೆ ಕಾರ್ಡ್ ಬದಲಾಗುತ್ತದೆ, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ ಬದಲಾಗುತ್ತದೆ. ಒಂದು ಕಾರ್ಡ್‌ನ ಮೇಲೆ ನೆಮ್ಮದಿಯಾಗಿ ಕೂತಿದ್ದ ಸ್ವರ ಮುಂದಿನ ಕಾರ್ಡ್ ಬಂದ ಕೂಡಲೇ ಚಡಪಡಿಸತೊಡಗುತ್ತದೆ. ಕೈ ಮುಂದುವರಿದು ಕಿವಿ ಹಿಂದುಳಿದ ವಾದಕರು ಇದನ್ನು ಗಮನಿಸದೆ ಐದು ಸ್ವರಗಳಲ್ಲೇ ಮೇಲೆ ಕೆಳಗೆ ಓಡಾಡುತ್ತಾರೆ. ಮಹಾವಾದಕರಿಗೆ ಯಾವ ಸ್ವರ ಯಾವ ಕಾರ್ಡ್‌ನ ಮೇಲೆ ಬಂದು ಇಳಿಯಬೇಕೆಂದು ಗೊತ್ತಿರುತ್ತದೆ.

‘ಸ್ಟೇರ್‌ವೇ ಟು ಹೆವನ್’ (1971) ಇದಕ್ಕೆ ಪಾಠದಂಥ ಉದಾಹರಣೆ. ಎಂಟು ನಿಮಿಷದ ಹಾಡು. ಶುರುವಾಗುವುದು ಒಂದು ಅಕೂಸ್ಟಿಕ್ ಗಿಟಾರ್ ಮತ್ತು ಕೊಳಲಿನಂಥ ರೆಕಾರ್ಡರ್‌ಗಳ ಮೆಲುದನಿಯಿಂದ. ಜಾನ್ ಬೋನಮ್ ಅವರ ಡ್ರಮ್ಸ್ ಕೇಳಿಸುವುದು ನಾಲ್ಕು ನಿಮಿಷ ಕಳೆದ ಮೇಲೆ. ಆರನೇ ನಿಮಿಷ ತುಂಬುವ ಹೊತ್ತಿಗೆ, ಕೇಳುಗನ ಸಹನೆಯನ್ನೆಲ್ಲ ಕೂಡಿಟ್ಟುಕೊಂಡ ಹಾಡು, ಜಿಮ್ಮಿ ಪೇಜ್ ಅವರ ಗಿಟಾರ್‌ಗೆ ದಾರಿ ಬಿಡುತ್ತದೆ. ಅಡಿಯಲ್ಲಿ ಮೂರೇ ಕಾರ್ಡ್‌ಗಳು: ಎ ಮೈನರ್, ಜಿ, ಎಫ್. ಮೆಟ್ಟಿಲು ಇಳಿದಂತೆ ಸುತ್ತಿ ಸುತ್ತಿ ಬರುತ್ತವೆ. ಪೇಜ್ ಹಿಡಿದದ್ದು ಅದೇ ಐದು ಸ್ವರಗಳ ಸಾಲು. ಆದರೆ ಎಫ್ ಕಾರ್ಡ್ ಬಂದಾಗ ಆ ಐದರಲ್ಲಿ ಇಲ್ಲದ ಎಫ್ ಸ್ವರವನ್ನು, ನಮ್ಮ ಲೆಕ್ಕದಲ್ಲಿ ಶುದ್ಧ ಧೈವತವನ್ನು, ಮುಟ್ಟುತ್ತಾರೆ. ಆ ಒಂದು ಸ್ವರದಿಂದ ಇಡೀ ಸಾಲಿಗೆ ಬ್ಲೂಸ್‌ನಲ್ಲಿಲ್ಲದ ಗಾಂಭೀರ್ಯ ಬರುತ್ತದೆ. ಜೆಫ್ ಬೆಕ್ ಕೊಟ್ಟಿದ್ದ ಹಳೆಯ ಟೆಲಿಕಾಸ್ಟರ್ ಗಿಟಾರ್‌ನಲ್ಲಿ ಪೇಜ್ ಮೂರು ಸಲ ಸ್ಟುಡಿಯೊದಲ್ಲೇ ಮನೋಧರ್ಮಕ್ಕೆ ಬಂದಂತೆ ನುಡಿಸಿ, ಮೂರರಲ್ಲಿ ಒಂದನ್ನು ಆರಿಸಿದರು.

ಇದರ ನಿಜವಾದ ಕೆಲಸ ತಿಳಿಯುವುದು ಸೋಲೋ ಮುಗಿದ ಕ್ಷಣದಲ್ಲಿ. ರಾಬರ್ಟ್ ಪ್ಲಾಂಟ್ ಮತ್ತೆ ಹಾಡಲು ಬಂದಾಗ ಅವರ ದನಿ ತಾರಸ್ಥಾಯಿಯಲ್ಲಿ ಕೂಗುತ್ತಿರುತ್ತದೆ. ಆರು ನಿಮಿಷದ ಹಿಂದೆ ಪಿಸುಗುಟ್ಟಿದ್ದ ಗಾಯಕ ಈ ಎತ್ತರಕ್ಕೆ ಹೇಗೆ ಬಂದ ಎಂದು ನಾವು ಕೇಳುವುದೇ ಇಲ್ಲ, ಏಕೆಂದರೆ ಗಿಟಾರ್ ನಮ್ಮನ್ನು ಅಲ್ಲಿಗೆ ಕರೆತಂದು ಬಿಟ್ಟಿರುತ್ತದೆ. ಆ ಮುಕ್ಕಾಲು ನಿಮಿಷವನ್ನು ಕತ್ತರಿಸಿ ತೆಗೆದರೆ ಕೊನೆಯ ಚರಣ ಕಾರಣವಿಲ್ಲದ ಕಿರುಚಾಟವಾಗುತ್ತದೆ.

ಅಡಿಪಾಯದ ಮಹತ್ವ ಎಡ್ಡಿ ವ್ಯಾನ್ ಹೇಲನ್‌ಗೆ ಎಷ್ಟು ಗೊತ್ತಿತ್ತು ಎನ್ನುವುದಕ್ಕೆ ಒಂದು ಪ್ರಸಂಗವಿದೆ. 1982ರಲ್ಲಿ ಮೈಕಲ್ ಜಾಕ್ಸನ್ ಅವರ ‘ಬೀಟ್ ಇಟ್’ ಹಾಡಿಗೆ ಸೋಲೋ ನುಡಿಸಲು ಕರೆದಾಗ, ಅವರು ಮೊದಲು ಕೇಳಿದ್ದು ಹಾಡಿನ ಭಾಗಗಳನ್ನು ಸ್ವಲ್ಪ ಬದಲಿಸಬಹುದೇ ಎಂದು. ಧ್ವನಿಮುದ್ರಣ ಎಂಜಿನಿಯರ್‌ಗೆ ಟೇಪ್ ಕತ್ತರಿಸಿ ಜೋಡಿಸಲು ಹೇಳಿ, ತಮಗೆ ಬೇಕಾದ ತುಣುಕುಗಳು ಅಡಿಯಲ್ಲಿ ಬರುವಂತೆ ಮಾಡಿಕೊಂಡ ಮೇಲೆ ಎರಡು ಸಲ ನುಡಿಸಿ ಹೊರಟರು. ಸಂಭಾವನೆ ತೆಗೆದುಕೊಳ್ಳಲಿಲ್ಲ. ಜಗತ್ತಿನಲ್ಲೇ ಅತಿ ಚುರುಕು ಬೆರಳುಗಳೆಂದು ಹೆಸರಾಗಿದ್ದ ಮನುಷ್ಯ ಬೆರಳಿಗಿಂತ ಮೊದಲು ಕಿವಿಯನ್ನು ಕೆಲಸಕ್ಕೆ ಹಚ್ಚಿದ್ದು ಗಮನಿಸಬೇಕು.

ಹಾಗೆಂದು ಕೈಚಳಕವನ್ನು ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಅದೇ ಎಡ್ಡಿಯ ‘ಇರಪ್ಷನ್’ (1978) ಒಂದು ನಿಮಿಷ 42 ಸೆಕೆಂಡಿನ ಶುದ್ಧ ಕೈಚಳಕ. ಬಲಗೈ ಬೆರಳಿನಿಂದಲೂ ತಂತಿಯನ್ನು ಫ್ರೆಟ್‌ಗಳ ಮೇಲೆ ತಟ್ಟಿ ಸ್ವರ ಹೊರಡಿಸುವ ಟ್ಯಾಪಿಂಗ್ ಮೊದಲೂ ಇತ್ತು, ಆದರೆ ಇಂಥ ಪ್ರವಾಹವಾಗಿ ಯಾರೂ ಕೇಳಿರಲಿಲ್ಲ. ಅವರು ಕಾರ್ಯಕ್ರಮಕ್ಕೆಂದು ಕೈ ಪಳಗಿಸುತ್ತಿದ್ದಾಗ ಎಂಜಿನಿಯರ್ ಡಾನ್ ಲ್ಯಾಂಡಿ ಅದನ್ನು ಹಿಡಿದಿಟ್ಟರು. ಅದರಲ್ಲಿ ಒಂದು ತಪ್ಪಿದೆ ಎಂದು ಎಡ್ಡಿಯೇ ಆಮೇಲೆ ಹೇಳಿಕೊಂಡಿದ್ದರು. ನನ್ನ ಅಳತೆಗೆ ಇದು ಸಿಗುವುದಿಲ್ಲ ಎಂದು ಯಾರಾದರೂ ವಾದಿಸಬಹುದು: ಇಲ್ಲಿ ಹಾಡೇ ಇಲ್ಲವಲ್ಲ! ಆದರೆ ಆಲ್ಬಮ್‌ನಲ್ಲಿ ಅದರ ಜಾಗ ನೋಡಿ. ಅದು ಮುಗಿದ ಮರುಗಳಿಗೆಯೇ ‘ಯೂ ರಿಯಲಿ ಗಾಟ್ ಮಿ’ ಸ್ಫೋಟಿಸುತ್ತದೆ. ಕಿಂಕ್ಸ್ ತಂಡದ 1964ರ ಆ ಹಳೆಯ ಹಾಡು ಹೊಸ ಹಾಡೇ ಆಗಿ ಕೇಳುವುದಕ್ಕೆ ಅದರ ಮುಂದೆ ನಿಂತ ಈ ಒಂದೂಮುಕ್ಕಾಲು ನಿಮಿಷವೇ ಕಾರಣ. ಎಡ್ಡಿಯ ಬೆನ್ನು ಹತ್ತಿ 1980ರ ದಶಕದಲ್ಲಿ ಬಂದ ನೂರಾರು ವೇಗದ ವಾದಕರಲ್ಲಿ ಹೆಚ್ಚಿನವರು ಟ್ಯಾಪಿಂಗ್ ಕಲಿತರು. ಜಾಗ ಹಿಡಿಯುವುದನ್ನು ಕಲಿತವರು ಕಡಿಮೆ.

ವೇಗದ ವಾದಕ್ಕೆ ಇನ್ನೂ ಗಟ್ಟಿಯಾದ ಉತ್ತರ ಆ ಕಡೆಯ ತುದಿಯಲ್ಲಿದೆ. ನೀಲ್ ಯಂಗ್ ಅವರ ‘ಸಿನಮನ್ ಗರ್ಲ್’ (1969) ಹಾಡಿನ ಸೋಲೋ ಒಂದೇ ಸ್ವರವನ್ನು ಮತ್ತೆ ಮತ್ತೆ ಮೀಟುತ್ತದೆ. ಸ್ವರ ಕದಲುವುದಿಲ್ಲ, ಕೆಳಗೆ ಕಾರ್ಡ್‌ಗಳು ಕದಲುತ್ತವೆ. ಹಟ ಹಿಡಿದು ನಿಂತ ಆ ಸ್ವರಕ್ಕೆ ಪ್ರತಿ ಸಲವೂ ಬೇರೆ ಬಣ್ಣ ಬರುತ್ತದೆ. ಬಜ್‌ಕಾಕ್ಸ್ ಎಂಬ ಪಂಕ್ ತಂಡ 1977ರಲ್ಲಿ ಬೇಸರದ ಬಗ್ಗೆ ಹಾಡಿದ ‘ಬೋರ್‌ಡಮ್’ನಲ್ಲಿ ಸೋಲೋ ಎರಡೇ ಸ್ವರಗಳದ್ದು. ಬೇಸರವನ್ನು ಅದಕ್ಕಿಂತ ಚೆನ್ನಾಗಿ ನುಡಿಸಲು ಸಾಧ್ಯವಿಲ್ಲ.

ಪೂರ್ವಸಿದ್ಧತೆಯೋ ಮನೋಧರ್ಮವೋ ಎಂಬ ಪ್ರಶ್ನೆ ನಮ್ಮ ಕಛೇರಿ ಕೇಳುಗರಿಗೆ ಹೊಸದಲ್ಲ. ರಾಕ್‌ನಲ್ಲಿ ಎರಡು ಕಡೆಗೂ ಸಾಕ್ಷಿಗಳಿವೆ. ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ (1976) ಕೊನೆಯಲ್ಲಿ ಡಾನ್ ಫೆಲ್ಡರ್ ಮತ್ತು ಜೋ ವಾಲ್ಶ್ ಸುಮಾರು ಎರಡು ನಿಮಿಷ ನುಡಿಸುವ ಜೋಡಿ ಸೋಲೋ ನೆನಪಿರಬಹುದು. ಧ್ವನಿಮುದ್ರಣದ ದಿನ ಫೆಲ್ಡರ್ ಹೊಸದಾಗಿ ಏನಾದರೂ ನುಡಿಸಲು ಹೊರಟರೆ, ತಂಡದ ಡಾನ್ ಹೆನ್ಲಿ ತಡೆದರು: ಮೊದಲು ಮಾಡಿ ಕೊಟ್ಟ ಕ್ಯಾಸೆಟ್‌ನಲ್ಲಿ ಹೇಗಿತ್ತೋ ಹಾಗೇ ಬೇಕು. ತಂಡ ಇದ್ದದ್ದು ಮಯಾಮಿಯಲ್ಲಿ, ಕ್ಯಾಸೆಟ್ ಇದ್ದದ್ದು ಕ್ಯಾಲಿಫೋರ್ನಿಯಾದ ಮನೆಯಲ್ಲಿ. ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹಾಕಿಸಿ, ಫೋನಿನಲ್ಲೇ ಕೇಳಿ ತಾವೇ ಮಾಡಿದ್ದನ್ನು ಫೆಲ್ಡರ್ ಮತ್ತೆ ಕಲಿತರು. ಹೆನ್ಲಿಯ ಹಟ ಸರಿಯಾಗಿತ್ತು. ಎಂಟು ಕಾರ್ಡ್‌ಗಳ ಆ ಸುತ್ತಿನಲ್ಲಿ ಪ್ರತಿ ಕಾರ್ಡ್‌ಗೂ ತಕ್ಕ ಸ್ವರ ಹುಡುಕಿದ್ದ ಸಾಲು ಅದು, ಅದರಲ್ಲಿ ಒಂದೂ ಅಲುಗಿಸುವಂತಿರಲಿಲ್ಲ.

‘ಕಂಫರ್ಟಬ್ಲಿ ನಂಬ್’ (1979) ಎರಡರ ನಡುವಿನ ದಾರಿ. ರಾಜರ್ ವಾಟರ್ಸ್ ಬರೆದ ಸಾಹಿತ್ಯದಲ್ಲಿ ಅಸ್ವಸ್ಥ ಗಾಯಕನೊಬ್ಬನಿಗೆ ಚುಚ್ಚುಮದ್ದು ಕೊಟ್ಟು ವೇದಿಕೆಗೆ ಹತ್ತಿಸುತ್ತಾರೆ. ಹಾಡಿನಲ್ಲಿ ಎರಡು ಸೋಲೋಗಳು. ಮೊದಲನೆಯದು ಪಲ್ಲವಿಯ ಮೇಜರ್ ಕಾರ್ಡ್‌ಗಳ ಮೇಲೆ ತೇಲುತ್ತದೆ, ಬಾಲ್ಯದ ನೆನಪಿನಂತೆ ಹಗುರ. ಎರಡನೆಯದು ವೈದ್ಯನ ಮಾತು ಬರುವ ಚರಣದ ಬಿ ಮೈನರ್ ಕಾರ್ಡ್‌ಗಳ ಮೇಲೆ. ಡೇವಿಡ್ ಗಿಲ್ಮೋರ್ ಐದಾರು ಸಲ ಮನಸ್ಸಿಗೆ ಬಂದಂತೆ ನುಡಿಸಿ, ಪ್ರತಿಯೊಂದರಲ್ಲೂ ಚೆನ್ನಾಗಿ ಬಂದ ತುಣುಕುಗಳನ್ನು ಗುರುತು ಹಾಕಿಕೊಂಡು, ಅವನ್ನು ಪೋಣಿಸಿ ಈ ಸೋಲೋ ಕಟ್ಟಿದರು. ಪ್ರತಿ ತುಣುಕೂ ಮನೋಧರ್ಮದ್ದು, ಒಟ್ಟು ರಚನೆ ಸಂಪಾದಕನದು. ಆದರೂ ಕೇಳುವಾಗ ಒಂದೇ ಉಸಿರಿನಲ್ಲಿ ಬಂದಂತಿದೆ, ಏಕೆಂದರೆ ಆರಿಸಿದ ಕಿವಿ ಅವರದೇ. ಮರಗಟ್ಟಿದೆ ಎಂದು ಪದಗಳಲ್ಲಿ ಹೇಳಿಕೊಳ್ಳುವ ಮನುಷ್ಯ ಒಳಗೆ ಏನು ಅನುಭವಿಸುತ್ತಿದ್ದಾನೆ ಎಂಬುದು ಆ ಹಾಡಿನ ಯಾವ ಸಾಲಿನಲ್ಲೂ ಇಲ್ಲ. ಅದನ್ನು ಹೇಳುವುದು ಈ ಎರಡನೆಯ ಸೋಲೋ ಮಾತ್ರ. ನನ್ನ ಮಟ್ಟಿಗೆ ರಾಕ್‌ನ ಅತಿ ದೊಡ್ಡ ಸೋಲೋ ಇದೇ.

ಇನ್ನು ನಾದದ ವಿಷಯ. 1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡದೊಂದಿಗೆ ಎರಿಕ್ ಕ್ಲಾಪ್ಟನ್ ಲಂಡನ್ನಿನ ಡೆಕ್ಕಾ ಸ್ಟುಡಿಯೊದಲ್ಲಿ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರ್‌ಗೆ ಸಿಕ್ಕಿಸಿ ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿದರು. ಆಂಪ್ಲಿಫೈಯರ್‌ನ ವಾಲ್ವ್‌ಗಳ ಮಿತಿ ಮೀರಿದಾಗ ಸದ್ದು ಒರಟಾಗುತ್ತದೆ, ಜೊತೆಗೆ ಜೋರು ಮೆಲ್ಲಗಿನ ಅಂತರ ಕುಗ್ಗಿ, ಮೀಟಿದ ತಂತಿ ಕ್ಷೀಣಿಸುತ್ತಿದ್ದರೂ ಸ್ವರ ಮಾತ್ರ ತುಂಬ ಹೊತ್ತು ನಿಲ್ಲುತ್ತದೆ. ಮೀಟಿದೊಡನೆ ಸಾಯುತ್ತಿದ್ದ ವಾದ್ಯಕ್ಕೆ ಪಿಟೀಲಿನ ಉಸಿರು ಬಂತು. ನಿಧಾನವಾಗಿ ನುಡಿಸುವ ಧೈರ್ಯ ರಾಕ್ ವಾದಕರಿಗೆ ಬಂದದ್ದೇ ಇದರಿಂದ. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಅಯೋಮಿ ಪ್ಲಾಸ್ಟಿಕ್ ಟೋಪಿ ಮಾಡಿಕೊಂಡು ತಂತಿ ಸಡಿಲಿಸಿ ನುಡಿಸಿದರು, ಬ್ಲ್ಯಾಕ್ ಸ್ಯಾಬತ್ ತಂಡದ ಕಗ್ಗತ್ತಲ ನಾದ ಹುಟ್ಟಿತು. ಗಿಟಾರ್ ವಾದಕ ಬ್ರಯನ್ ಮೇ ತಂದೆಯ ಜೊತೆ ಮನೆಯಲ್ಲೇ ಮಾಡಿದ ಗಿಟಾರನ್ನು ಆರು ಪೆನ್ಸ್ ನಾಣ್ಯದಿಂದ ಮೀಟುತ್ತಾರೆ. ನಾದ ಅಂದರೆ ಮನುಷ್ಯನ ಗುರುತು. ಅದನ್ನು ಕೊಳ್ಳಲಾಗದು: ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕಾಸ್ಟರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್‌ಗೆ ಹೋಯಿತು, ಅವರ ಕೈ ಅವರ ಬಳಿಯೇ ಉಳಿಯಿತು.

ಹೆಂಡ್ರಿಕ್ಸ್ ಈ ಎಲ್ಲ ಪಂಗಡಗಳಿಗೂ ಸಲ್ಲುವವರು. ಬಾಬ್ ಡಿಲನ್ 1967ರಲ್ಲಿ ಅಕೂಸ್ಟಿಕ್ ಗಿಟಾರ್, ಹಾರ್ಮೋನಿಕಾ ಹಿಡಿದು ಸರಳವಾಗಿ ಹಾಡಿದ ‘ವಾಚ್‌ಟವರ್’ನಲ್ಲಿ ಅವರು ಮರುವರ್ಷ ನುಡಿಸಿದ ಮುಖ್ಯ ಸೋಲೋ ನಾಲ್ಕು ಭಾಗಗಳಲ್ಲಿ ನಾಲ್ಕು ದನಿ ಬದಲಿಸುತ್ತದೆ: ಮೊದಲು ಬರಿಯ ಗಿಟಾರ್, ಆಮೇಲೆ ಸ್ಲೈಡ್, ಆಮೇಲೆ ವಾ-ವಾ ಪೆಡಲ್, ಕೊನೆಗೆ ಕಾರ್ಡ್‌ಗಳು. ಕೆಳಗೆ ಮೂರು ಕಾರ್ಡ್‌ಗಳು ಸುತ್ತುತ್ತಲೇ ಇರುತ್ತವೆ. ಏನೋ ಬರಲಿದೆ ಎಂಬ ಹಾಡಿನ ಆತಂಕ ಮಾತಿಗಿಂತ ಇಲ್ಲೇ ಹೆಚ್ಚು ದಟ್ಟ. 1970ರ ಜನವರಿ 1ರಂದು ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್‌ನಲ್ಲಿ ನುಡಿಸಿದ ‘ಮಷೀನ್ ಗನ್’ ಪೂರ್ತಿ ಮನೋಧರ್ಮದ್ದು. ವಿಯೆಟ್ನಾಂನಲ್ಲಿ ಹೋರಾಡುತ್ತಿದ್ದ ಸೈನಿಕರನ್ನು ನೆನೆದು ಶುರು ಮಾಡಿದ ಹಾಡು. ಹಿಂದೊಮ್ಮೆ ತಾವೇ ಸೇನೆಯ ಪ್ಯಾರಾಟ್ರೂಪ್ ದಳದಲ್ಲಿದ್ದವರು ಅವರು. ಬಡ್ಡಿ ಮೈಲ್ಸ್ ಡ್ರಮ್ಸ್‌ನಲ್ಲಿ ಗುಂಡಿನ ಸದ್ದು ಹೊರಡಿಸುವಾಗ ಹೆಂಡ್ರಿಕ್ಸ್ ಒಂದು ಸ್ವರವನ್ನು ಎಳೆದು ಹಿಡಿದು ಬಿಡುವುದೇ ಇಲ್ಲ. ಅಲ್ಲಿ ಕೇಳುವುದು ಸೈರನ್ನೋ, ವಿಮಾನವೋ, ತಾಯಿಯ ಕೂಗೋ ಹೇಳಲಾಗದು.

1990ರ ದಶಕದಲ್ಲಿ ಸೋಲೋಗೆ ಬೆಲೆ ಇಳಿಯಿತು. ನಿರ್ವಾಣ ತಂಡದ ಕರ್ಟ್ ಕೊಬೇನ್ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ (1991) ನಡುವೆ ಚರಣದ ರಾಗವನ್ನೇ ಗಿಟಾರ್‌ನಲ್ಲಿ ನುಡಿಸಿದರು. ಮೆಟಾಲಿಕಾದಂಥ ತಂಡವೇ 2003ರ ‘ಸೇಂಟ್ ಆಂಗರ್’ ಆಲ್ಬಮ್‌ನಲ್ಲಿ ಒಂದೂ ಸೋಲೋ ಇಡಲಿಲ್ಲ, ಮುಂದಿನ ಆಲ್ಬಮ್‌ನಲ್ಲಿ ಮತ್ತೆ ತಂದಿತು. ಕೊಬೇನ್ ಮಾಡಿದ್ದು ಸೋಲೋದ ನಿರಾಕರಣೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಾಡಿಗೆ ಬೇಕಾದಷ್ಟನ್ನೇ ನುಡಿಸುವ ಹಳೆಯ ಧರ್ಮಕ್ಕೆ ಅವರು ಮರಳಿದರು.

ಬೆಂಗಳೂರಿಗೂ ರಾಕ್ ಸೋಲೋಗಳ ನೇರ ಪರಿಚಯವಿದೆ. ಅರಮನೆ ಮೈದಾನಕ್ಕೆ 2002ರಲ್ಲಿ ರಾಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದರು. ಐರನ್ ಮೇಡನ್ ಹೋದ ಕಡೆಯೆಲ್ಲ ಅಭಿಮಾನಿಗಳು ಪದಗಳಿಲ್ಲದ ಗಿಟಾರ್ ಸಾಲುಗಳನ್ನೂ ಒಕ್ಕೊರಲಿನಿಂದ ಹಾಡುತ್ತಾರೆ. ಗಂಟಲಿಗೆ ಇಳಿಯುವ ಸೋಲೋ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಸೋಲೋಗಳು ಫೋನಿನಲ್ಲಿ ಅರ್ಧ ನಿಮಿಷದ ತುಣುಕುಗಳಾಗಿ ಬರುತ್ತವೆ, ಹಿಂದಿಲ್ಲ ಮುಂದಿಲ್ಲ. ಅದರಲ್ಲಿ ಬೆರಳು ಕಾಣುತ್ತದೆ, ಸೋಲೋ ಕಾಣುವುದಿಲ್ಲ. ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ: ಇಲ್ಲಿ ಹೆಸರಿಸಿದ ಯಾವುದಾದರೂ ಒಂದು ಹಾಡನ್ನು ಮೊದಲ ಸ್ವರದಿಂದ ಕೊನೆಯವರೆಗೆ ಕೇಳಿ. ಎರಡನೆಯ ಸಲ ಸೋಲೋ ಬಂದಾಗ ಗಿಟಾರ್ ಬಿಟ್ಟು ಬಾಸ್ ಮತ್ತು ಡ್ರಮ್ಸ್ ಮಾತ್ರ ಗಮನಿಸಿ. ಮನೆಯಲ್ಲಿ ಗಿಟಾರ್ ಕಲಿಯುವ ಮಕ್ಕಳಿದ್ದರೆ, ಸೋಲೋಗೆ ಕೈ ಹಾಕುವ ಮೊದಲು ಆ ಹಾಡಿನ ಕಾರ್ಡ್‌ಗಳನ್ನು ನುಡಿಸಿಕೊಂಡು ಇಡೀ ಹಾಡನ್ನು ಬಾಯಿಬಿಟ್ಟು ಹಾಡಲು ಹೇಳಿ.